ಜಾಲಪುಟದ ಆಯ್ಕೆಪಟ್ಟಿಗಳೂ ಬದಲಾವಣೆಯ ಸೂಚನೆಯೂ: ಒಂದು ಚಾರಿತ್ರಿಕ ವಿವೇಚನೆ

ತನ್ನ ಜಮೀನಿನ ಪಹಣಿಯನ್ನು ಗಣಕಯಂತ್ರದ ಮುಖಾಂತರ ನೋಡಬಯಸುವ ರೈತನು ಮೊದಲು ಜಿಲ್ಲೆಯನ್ನೂ ತರುವಾಯ ತಾಲ್ಲೂಕನ್ನೂ ಅನಂತರ ಹೋಬಳಿಯನ್ನೂ ಕಡೆಗೆ ಗ್ರಾಮವನ್ನೂ ಒಂದಾದ ಮೇಲೊಂದರಂತೆ ಪಟ್ಟಿಗಳಿಂದ ಆಯ್ದುಕೊಳ್ಳಬೇಕಾಗುತ್ತದೆ. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯ ಪುಟಗಳನ್ನು ಕಂಡವರಿಗೆ ಈ ಕ್ರಮವು ಸುಪರಿಚಿತವಾದುದೇ. ಜಿಲ್ಲೆಯ ಹೆಸರನ್ನು ಆಯ್ದಲ್ಲಿ ಆ ಜಿಲ್ಲೆಗೆ ಸೇರಿದ ತಾಲ್ಲೂಕುಗಳು ಮಾತ್ರ ಎರಡನೆಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ತಾಲ್ಲೂಕನ್ನು ಆಯ್ದಲ್ಲಿ ಅದರ ಹೋಬಳಿಗಳು ಮಾತ್ರ ಮೂರನೆಯ ಪಟ್ಟಿಗೆ ಬರುತ್ತವೆ. ನೋಡುವುದಕ್ಕೆ ಇದು ಅತ್ಯಲ್ಪವಾದ ಕಾರ್ಯ. ಆದರೆ ಮೇಲಿನ ಪಟ್ಟಿಯೊಂದು ಬದಲಾದಾಗ ಕೆಳಗಿನ ಪಟ್ಟಿಗಳೆಲ್ಲ ಅದಕ್ಕೆ ಅನುಗುಣವಾಗಿ ಬದಲಾಗಬೇಕೆಂಬ ಈ ಒಂದು ನಿಯಮವನ್ನು ಯಂತ್ರದಿಂದ ತಪ್ಪಿಲ್ಲದೆ ಮಾಡಿಸಿಕೊಳ್ಳುವುದಕ್ಕೆ ಬಹಳ ವರ್ಷಗಳೇ ಹಿಡಿದುವು. ಆ ಪ್ರಯತ್ನದ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯುಂಟೆ ಎಂದು ಕೆಲವರು ಕೇಳಬಹುದು. ಉಂಟೆಂದೇ ನಮ್ಮ ಅಭಿಪ್ರಾಯ. ಒಂದು ತಾಮ್ರಶಾಸನವನ್ನು ಪರೀಕ್ಷಿಸುವ ವಿದ್ವಾಂಸನು ಅದರ ಒಕ್ಕಣೆಯನ್ನು ಮಾತ್ರ ಓದಿ ತೃಪ್ತನಾಗುವುದಿಲ್ಲ. ಬರೆದವನಾರು, ಕಂಡರಿಸಿದವನಾರು, ಇಬ್ಬರ ನಡುವೆ ಅಕ್ಷರಗಳು ಎಲ್ಲಿ ತಪ್ಪಿದವು ಎಂಬುದನ್ನೂ ವಿಚಾರಿಸುತ್ತಾನೆ. ನಮ್ಮ ಕಾಲದ ದಾಖಲೆಗಳಲ್ಲಿ ಬಹುಪಾಲು ಇಂಥ ಆಯ್ಕೆಪಟ್ಟಿಗಳ ಮೂಲಕ ಹುಟ್ಟಿದವುಗಳು. ಜನನ ಮರಣಗಳ ನೋಂದಣಿ, ವಿದ್ಯಾರ್ಥಿವೇತನದ ಅರ್ಜಿ, ರೈಲಿನ ಮುಂಗಡ ಟಿಕೆಟ್ಟು ಇವೆಲ್ಲವೂ ಯಾರೋ ಒಬ್ಬರು ಪಟ್ಟಿಯಿಂದ ಆಯ್ದ ಮಾತುಗಳಿಂದಲೇ ತುಂಬಿವೆ. ಮುಂದಿನ ಚರಿತ್ರಕಾರನಿಗೆ ಇವೇ ಆಕರಗಳಾಗುವುದರಿಂದ, ಆಯ್ಕೆಯು ದಾಖಲೆಯಾಗುವ ಬಗೆಯನ್ನು ತಿಳಿದಿರುವುದು ಅವನಿಗೆ ಅನಾವಶ್ಯಕವೆನ್ನಲಾಗದು.

ಒಂದು ವಸ್ತು ಬದಲಾದಾಗ ಅದನ್ನು ಆಶ್ರಯಿಸಿದ ಇತರ ವಸ್ತುಗಳಿಗೆ ಸೂಚನೆ ಹೋಗಬೇಕೆಂಬ ಆಲೋಚನೆಯು ಜಾಲಪುಟಗಳಿಗಿಂತ ಹಳೆಯದು. ಅಮೆರಿಕದ ಪಾಲೊ ಆಲ್ಟೊ ನಗರದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಸಂಶೋಧನ ಕೇಂದ್ರದಲ್ಲಿ ೧೯೭೦ರ ದಶಕದಲ್ಲಿ ಬೆಳೆದ ಸ್ಮಾಲ್‌ಟಾಕ್ ಎಂಬ ಗಣಕಭಾಷೆಯಲ್ಲಿ, ಆಶ್ರಿತ ವಸ್ತುಗಳಿಗೆ 'ನಾನು ಬದಲಾದೆ' ಎಂದು ತಿಳಿಸುವ ಮತ್ತು ಅವು ತಮ್ಮನ್ನು ಸರಿಪಡಿಸಿಕೊಳ್ಳುವ ವ್ಯವಸ್ಥೆಯೊಂದಿತ್ತು. ಅಲ್ಲಿಗೆ ಅತಿಥಿಯಾಗಿ ಬಂದಿದ್ದ ನಾರ್ವೆ ದೇಶದ ಟ್ರಿಗ್ವೆ ರೀನ್ಸ್‌ಕಾಗ್ ಎಂಬುವರು ೧೯೭೯ರಲ್ಲಿ, ವಿಷಯ, ಅದರ ನೋಟ, ನೋಟವನ್ನು ನಡೆಸುವ ನಿಯಂತ್ರಕ ಎಂಬ ಮೂರು ಭಾಗಗಳ ವಿಂಗಡಣೆಯನ್ನು ಪ್ರತಿಪಾದಿಸಿದರು. ಒತ್ತಿದಾಗ ತೆರೆದುಕೊಳ್ಳುವ ಪಟ್ಟಿಗಳೂ ಅದೇ ಕೇಂದ್ರದಲ್ಲಿ ಬಳಕೆಗೆ ಬಂದವು. ಮೇಲಿನ ಅಂಚಿನಿಂದ ಕೆಳಕ್ಕೆ ಇಳಿಯುವ ಪಟ್ಟಿಯನ್ನು ಆಪಲ್ ಸಂಸ್ಥೆಯ ಬಿಲ್ ಅಟ್ಕಿನ್‌ಸನ್ ರೂಪಿಸಿದರು. ೧೯೮೩ರ ಜನವರಿಯಲ್ಲಿ ಹೊರಬಂದ ಲಿಸಾ ಯಂತ್ರದಲ್ಲಿಯೂ ೧೯೮೪ರ ಮೆಕಿಂತೋಷ್ ಯಂತ್ರದಲ್ಲಿಯೂ ಅದು ಜನರಿಗೆ ಪರಿಚಯವಾಯಿತು. ಹೀಗೆ ಪಟ್ಟಿ ಮತ್ತು ಬದಲಾವಣೆಯ ಸೂಚನೆ ಎಂಬ ಎರಡೂ ಅಂಗಗಳು ೧೯೮೫ರ ಒಳಗಾಗಿ ಸಿದ್ಧವಾಗಿದ್ದವು. ಆದರೆ ಜಾಲಪುಟಗಳಲ್ಲಿ ಅವುಗಳ ಸಮಾಗಮಕ್ಕೆ ಇನ್ನೂ ಹತ್ತು ವರ್ಷ ಕಾಯಬೇಕಾಯಿತು.

ಜಾಲಪುಟದ ಭಾಷೆಯಾದ ಎಚ್‌ಟಿಎಂಎಲ್‌ಗೆ ಅರ್ಜಿ ನಮೂನೆಗಳು ೧೯೯೩ರ ಸುಮಾರಿಗೆ ಬಂದವು. ೧೯೯೫ರ ನವೆಂಬರ್ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಎಂಎಲ್ ೨.೦ ಎಂಬ ನಿರೂಪಣೆಯಲ್ಲಿ 'ಸೆಲೆಕ್ಟ್' ಎಂಬ ಪಟ್ಟಿಯೂ ಅದರೊಳಗಿನ 'ಆಪ್ಷನ್' ಎಂಬ ಆಯ್ಕೆಗಳೂ ಸ್ಪಷ್ಟವಾಗಿ ವಿವರಿಸಲ್ಪಟ್ಟಿವೆ. ಆ ಕಾಲದ ಪಟ್ಟಿಯು ಮೂಕವಾಗಿತ್ತೆನ್ನಬೇಕು. ಓದುಗನು ಎಷ್ಟು ಸಲ ತನ್ನ ಆಯ್ಕೆಯನ್ನು ಬದಲಿಸಿದರೂ ಪುಟಕ್ಕೆ ಅದರ ಅರಿವಿರಲಿಲ್ಲ. ಅರ್ಜಿಯನ್ನು ಕಳುಹಿಸುವ ಗುಂಡಿಯನ್ನು ಒತ್ತಿದಾಗಲೇ ಎಲ್ಲ ಆಯ್ಕೆಗಳೂ ಒಟ್ಟಾಗಿ ದೂರದ ಸರ್ವರ್ ಯಂತ್ರಕ್ಕೆ ಹೋಗುತ್ತಿದ್ದವು. ಜಿಲ್ಲೆ, ತಾಲ್ಲೂಕು ಎಂಬ ಎರಡು ಮೆಟ್ಟಿಲುಗಳು ಬೇಕಾದಲ್ಲಿ ಮೊದಲ ಪುಟದಲ್ಲಿ ಜಿಲ್ಲೆಯನ್ನು ಆಯ್ದು ಕಳುಹಿಸಿ, ಅದಕ್ಕೆ ಉತ್ತರವಾಗಿ ಬರುವ ಎರಡನೆಯ ಪುಟದಲ್ಲಿ ತಾಲ್ಲೂಕನ್ನು ಆರಿಸಬೇಕಾಗಿತ್ತು. ಕಛೇರಿಯ ಒಂದು ಕಿಟಕಿಯಲ್ಲಿ ಅರ್ಜಿ ಕೊಟ್ಟು ಮತ್ತೊಂದು ಕಿಟಕಿಯ ಮುಂದೆ ನಿಲ್ಲುವುದಕ್ಕೆ ಇದನ್ನು ಹೋಲಿಸಬಹುದು. ನಿಧಾನವಾದರೂ ಇದರಲ್ಲಿ ಒಂದು ಗುಣವಿತ್ತು. ಎರಡನೆಯ ಪುಟ ಮೊದಲನೆಯ ಆಯ್ಕೆಯಿಂದಲೇ ಹುಟ್ಟುತ್ತಿದ್ದುದರಿಂದ, ಜಿಲ್ಲೆಗೂ ತಾಲ್ಲೂಕಿಗೂ ಹೊಂದಿಕೆ ತಪ್ಪುವ ಸಂಭವ ಕಡಮೆ.

ಪಟ್ಟಿಗೆ ಮಾತು ಬಂದುದು ಜಾವಾಸ್ಕ್ರಿಪ್ಟ್ ಭಾಷೆಯಿಂದ. ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಎಂಬುವರು ೧೯೯೫ರ ಮೇ ತಿಂಗಳಲ್ಲಿ ಹತ್ತೇ ದಿನಗಳಲ್ಲಿ ಇದರ ಮೊದಲ ಮಾದರಿಯನ್ನು ರಚಿಸಿದರೆಂಬ ವಿಷಯ ಪ್ರಸಿದ್ಧವಾಗಿದೆ. ಆ ವರ್ಷದ ಡಿಸೆಂಬರ್ ೪ರಂದು ಭಾಷೆಯ ಹೆಸರು ಘೋಷಿತವಾಯಿತು. ೧೯೯೬ರ ಮಾರ್ಚಿಯಲ್ಲಿ ನ್ಯಾವಿಗೇಟರ್ ೨.೦ ಎಂಬ ಬ್ರೌಸರಿನೊಡನೆ ಅದು ಜನರ ಕೈಸೇರಿತು. ಇದರಲ್ಲಿ 'ಆನ್‌ಕ್ಲಿಕ್', 'ಆನ್‌ಚೇಂಜ್' ಎಂಬಂತೆ 'ಆನ್' ಎಂದು ಆರಂಭವಾಗುವ ಹೆಸರುಗಳಿದ್ದುವು. ಈ ನಾಮಕರಣದ ಪದ್ಧತಿಯನ್ನು ಐಕ್ ಅವರು ೧೯೮೭ರಲ್ಲಿ ಆಪಲ್ ಸಂಸ್ಥೆ ಹೊರತಂದ ಹೈಪರ್‌ಕಾರ್ಡಿನ ಹೈಪರ್‌ಟಾಕ್ ಭಾಷೆಯಿಂದ ತೆಗೆದುಕೊಂಡರು. ಹೈಪರ್‌ಕಾರ್ಡಿನ ಕರ್ತೃವೂ ಮೇಲೆ ಹೇಳಿದ ಬಿಲ್ ಅಟ್ಕಿನ್‌ಸನ್ ಅವರೇ ಎಂಬುದು ಗಮನಿಸತಕ್ಕ ಸಂಗತಿ. ಇಳಿಯುವ ಪಟ್ಟಿಯ ಹಿಂದೆಯೂ, ಪಟ್ಟಿ ಬದಲಾದಾಗ ಕೆಲಸಮಾಡುವ ಆಜ್ಞೆಯ ಹೆಸರಿನ ಹಿಂದೆಯೂ, ದೂರದಿಂದಾದರೂ ಒಬ್ಬನೇ ವ್ಯಕ್ತಿಯ ಕೈ ಕಾಣುತ್ತದೆ.

ನ್ಯಾವಿಗೇಟರ್ ೨.೦ರಲ್ಲಿ ಪಟ್ಟಿ ಬದಲಾದುದನ್ನು ಪುಟವು ತಿಳಿಯಬಹುದಾಗಿತ್ತು. ಆದರೆ ತಿಳಿದು ಮಾಡುವಂಥದು ಹೆಚ್ಚೇನೂ ಇರಲಿಲ್ಲ. ಇನ್ನೊಂದು ಪಟ್ಟಿಯ ಆಯ್ಕೆಗಳ ಬರಹವನ್ನು ತಿದ್ದಿದರೂ ತೆರೆಯ ಮೇಲೆ ಅದು ಕಾಣುತ್ತಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಬಂದ ನ್ಯಾವಿಗೇಟರ್ ೩.೦ರಲ್ಲಿ ಹೊಸ ಆಯ್ಕೆಗಳನ್ನು ಸೃಷ್ಟಿಸುವ, ಹಳೆಯವನ್ನು ತಿದ್ದುವ, ಅಳಿಸುವ ಅಧಿಕಾರವು ದೊರೆಯಿತು. ಒಂದು ಪಟ್ಟಿಯಿಂದ ಇನ್ನೊಂದನ್ನು ತುಂಬುವ ಪುಟಗಳ ಯುಗವು ಇಲ್ಲಿಂದ ಆರಂಭವಾಯಿತೆಂದು ನಾವು ನಿರ್ಧರಿಸಬಹುದು. ಸರ್ವರಿನಿಂದ ನಡುವೆ ಏನನ್ನೂ ತರಿಸಿಕೊಳ್ಳುವ ಸುಲಭ ಮಾರ್ಗವಿಲ್ಲದ್ದರಿಂದ, ಎಲ್ಲ ಜಿಲ್ಲೆಗಳ ಎಲ್ಲ ತಾಲ್ಲೂಕುಗಳನ್ನೂ ಪುಟದೊಳಗೇ ಸಾಲುಸಾಲಾಗಿ ಬರೆದಿಡುವುದು ಆ ಕಾಲದ ಪದ್ಧತಿಯಾಗಿತ್ತು. ಪುಟ ಭಾರವಾಗುತ್ತಿತ್ತು, ದೂರವಾಣಿ ತಂತಿಯ ಮೇಲೆ ಅದು ಬರುವಷ್ಟರಲ್ಲಿ ಓದುಗನ ತಾಳ್ಮೆ ಕೆಡುತ್ತಿತ್ತು. ಈ ಒರಟು ಪದ್ಧತಿಯ ಸಂಬಂಧವಾಗಿ ಮುಂದೆ ಹೇಳತಕ್ಕ ಮಾತೊಂದಿದೆ.

ಇಲ್ಲಿ 'ಬದಲಾವಣೆ' ಎಂದರೇನು ಎಂಬುದನ್ನು ವಿಚಾರ ಮಾಡಬೇಕಾಗಿದೆ. ೧೯೯೭ರ ಡಿಸೆಂಬರಿನ ಎಚ್‌ಟಿಎಂಎಲ್ ೪.೦ ನಿರೂಪಣೆಯ ಪ್ರಕಾರ, ಓದುಗನು ಒಂದು ಅಂಗವನ್ನು ಪ್ರವೇಶಿಸಿ, ಅದರ ಬೆಲೆಯನ್ನು ಬದಲಿಸಿ, ಅದನ್ನು ಬಿಟ್ಟು ಹೊರಟಾಗ ಬದಲಾವಣೆಯ ಸೂಚನೆ ಹುಟ್ಟಬೇಕು. ೨೦೦೦ದ ನವೆಂಬರಿನಲ್ಲಿ ಬಂದ ಡಾಕ್ಯುಮೆಂಟ್ ಆಬ್ಜೆಕ್ಟ್ ಮಾಡೆಲ್‌ನ ಎರಡನೆಯ ಹಂತದ ನಿರೂಪಣೆಯೂ ಇದನ್ನೇ ಹೇಳಿತು. ಅಕ್ಷರಗಳನ್ನು ಬರೆಯುವ ಚೌಕಕ್ಕೆ ಈ ಲಕ್ಷಣ ಸರಿಹೊಂದುತ್ತದೆ. ಪಟ್ಟಿಗೆ ಹೊಂದುವುದಿಲ್ಲ, ಜಿಲ್ಲೆಯನ್ನು ಆಯ್ದವನು ತಾಲ್ಲೂಕಿನ ಪಟ್ಟಿ ಆಗಲೇ ತುಂಬಬೇಕೆಂದು ಬಯಸುತ್ತಾನೆಯೇ ಹೊರತು ಬೇರೆಲ್ಲಿಗೋ ಹೋಗಿ ಬರುವವರೆಗೆ ಕಾಯುವುದಿಲ್ಲ. ಆದಕಾರಣ ಬ್ರೌಸರುಗಳು ಲಿಖಿತ ನಿಯಮವನ್ನು ಬದಿಗಿಟ್ಟು, ಆಯ್ದ ಕೂಡಲೇ ಸೂಚನೆಯನ್ನು ಹೊರಡಿಸಿದವು. ಶಾಸನವೊಂದು ಹೇಳುವುದು ಬೇರೆ, ಊರಿನ ರೂಢಿ ನಡೆಯುವುದು ಬೇರೆ ಎಂಬ ಅನುಭವ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಕಡೆಗೆ ೨೦೧೪ರ ಅಕ್ಟೋಬರಿನಲ್ಲಿ ಅಂತಿಮರೂಪ ಪಡೆದ ಎಚ್‌ಟಿಎಂಎಲ್ ೫, ಓದುಗನು ಪಟ್ಟಿಯಿಂದ ಆರಿಸಿದೊಡನೆ ಸೂಚನೆ ಹುಟ್ಟಬೇಕೆಂಬ ರೂಢಿಯನ್ನೇ ನಿಯಮವಾಗಿ ಬರೆಯಿತು. ಬರಹವು ಬಳಕೆಯನ್ನು ಹಿಂಬಾಲಿಸುವುದಕ್ಕೆ ಹದಿನೇಳು ವರ್ಷಗಳಾದವು.

ಈ ಅಂತರದಿಂದ ಪೀಡಿತರಾದವರು ಮೌಸ್ ಹಿಡಿಯಲಾರದ ಜನರು. ಕಣ್ಣು ಕಾಣದವರೂ ಕೈಯ ಸ್ವಾಧೀನ ಕಡಮೆಯಿರುವವರೂ ಕೀಲಿಮಣೆಯ ಬಾಣದ ಗುಂಡಿಗಳಿಂದ ಪಟ್ಟಿಯಲ್ಲಿ ಒಂದೊಂದೇ ಹೆಜ್ಜೆ ಇಳಿಯುತ್ತಾರೆ. ವಿಂಡೋಸ್ ವ್ಯವಸ್ಥೆಯ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ, ಮುಚ್ಚಿದ ಪಟ್ಟಿಯ ಮೇಲೆ ಒಂದು ಹೆಜ್ಜೆ ಇಳಿದರೂ ಅದು ಆಯ್ಕೆಯೆಂದೇ ಎಣಿಸಲ್ಪಟ್ಟು ಸೂಚನೆ ಹೊರಡುತ್ತಿತ್ತು. ಫೈರ್‌ಫಾಕ್ಸ್ ಬಹುಕಾಲ ಲಿಖಿತ ನಿಯಮಕ್ಕೆ ಹತ್ತಿರವಾಗಿ ನಡೆದು, ಪಟ್ಟಿಯನ್ನು ಬಿಡುವವರೆಗೆ ಕಾಯುತ್ತಿತ್ತು. ೧೯೯೦ರ ದಶಕದ ಕೊನೆಯಲ್ಲಿ, ಆಯ್ದೊಡನೆ ಬೇರೊಂದು ಪುಟಕ್ಕೆ ಕರೆದೊಯ್ಯುವ ಪಟ್ಟಿಗಳು ಬಹಳ ಪ್ರಚಾರದಲ್ಲಿದ್ದವು. ಅಂಥ ಪಟ್ಟಿಯಲ್ಲಿ ಹತ್ತನೆಯ ಹೆಸರು ಬೇಕಾದವನು ಬಾಣದ ಗುಂಡಿಯನ್ನು ಒಮ್ಮೆ ಒತ್ತಿದೊಡನೆ ಎರಡನೆಯ ಹೆಸರಿನ ಪುಟಕ್ಕೆ ಒಯ್ಯಲ್ಪಡುತ್ತಿದ್ದನು. ಹಿಂದಿರುಗಿ ಬಂದು ಮತ್ತೆ ಒತ್ತಿದರೆ ಮತ್ತೆ ಅದೇ ಗತಿ. ಪರದೆಯನ್ನು ಓದಿ ಹೇಳುವ ಯಂತ್ರವನ್ನು ನಂಬಿದವನಿಗೆ ತಾನೆಲ್ಲಿಗೆ ಬಂದೆನೆಂಬುದೇ ತಿಳಿಯುತ್ತಿರಲಿಲ್ಲ. ಬಳಕೆಯ ಸೌಲಭ್ಯವನ್ನು ಕುರಿತು ಬರೆಯುತ್ತಿದ್ದ ಜೇಕಬ್ ನೀಲ್ಸನ್ ೨೦೦೦ದಲ್ಲಿಯೇ ಇಳಿಯುವ ಪಟ್ಟಿಗಳನ್ನು ಮಿತವಾಗಿ ಬಳಸಬೇಕೆಂದು ಎಚ್ಚರಿಸಿದ್ದರು. ೨೦೦೮ರ ಡಿಸೆಂಬರಿನ ಸುಗಮ್ಯತಾ ಮಾರ್ಗಸೂತ್ರಗಳ ೨.೦ನೆಯ ಆವೃತ್ತಿಯಲ್ಲಿ, ಒಂದು ಅಂಗದ ಬೆಲೆಯನ್ನು ಬದಲಿಸಿದ ಮಾತ್ರಕ್ಕೆ, ಮುಂಚಿತವಾಗಿ ತಿಳಿಸದೆ, ಓದುಗನ ಸನ್ನಿವೇಶವನ್ನೇ ಬದಲಿಸಕೂಡದೆಂಬ ನಿಯಮವು ಸೇರಿತು. ಮುಂದಿನ ಪಟ್ಟಿಯನ್ನು ತುಂಬುವುದಕ್ಕೆ ಈ ನಿಯಮದಿಂದ ಅಡ್ಡಿಯಿಲ್ಲ. ಓದುಗನನ್ನು ಎತ್ತಿ ಬೇರೆಡೆಗೆ ಹಾಕುವುದಕ್ಕೆ ಅಡ್ಡಿಯಿದೆ. ಈ ಭೇದವನ್ನು ಅರಿಯದೆ ಇಂದಿಗೂ ಅನೇಕರು ಪುಟಗಳನ್ನು ರಚಿಸುತ್ತಿರುವುದು ಶೋಚನೀಯ.

ಇನ್ನು ಅನೇಕ ಪಟ್ಟಿಗಳು ಒಂದನ್ನೊಂದು ಆಶ್ರಯಿಸಿದಾಗ ಹುಟ್ಟುವ ತೊಡಕುಗಳನ್ನು ನೋಡೋಣ. ಇವುಗಳಲ್ಲಿ ಮೊದಲನೆಯದು ಮೌನದ ತೊಡಕು. ಓದುಗನು ತಾನೇ ಆಯ್ದಾಗ ಮಾತ್ರ ಸೂಚನೆ ಹುಟ್ಟುತ್ತದೆ. ಪುಟದ ಆಜ್ಞೆಯೇ ಪಟ್ಟಿಯ ಬೆಲೆಯನ್ನು ಬದಲಿಸಿದರೆ ಹುಟ್ಟುವುದಿಲ್ಲ. ಒಬ್ಬ ಓದುಗನು ಧಾರವಾಡ ಜಿಲ್ಲೆಯನ್ನೂ ಕುಂದಗೋಳ ತಾಲ್ಲೂಕನ್ನೂ ಅದರ ಒಂದು ಹೋಬಳಿಯನ್ನೂ ಆಯ್ದಿದ್ದಾನೆಂದು ಭಾವಿಸೋಣ. ಆಮೇಲೆ ಅವನು ಮೇಲಕ್ಕೆ ಹೋಗಿ ಜಿಲ್ಲೆಯನ್ನು ಕಲಬುರಗಿ ಎಂದು ತಿದ್ದುತ್ತಾನೆ. ತಾಲ್ಲೂಕಿನ ಪಟ್ಟಿ ಬರಿದಾಗಿ ಮತ್ತೆ ತುಂಬುತ್ತದೆ. ಅಕಾರಾದಿಯಲ್ಲಿ ಮೊದಲು ಬರುವ ಅಫಜಲಪುರವು, ಯಾರೂ ಆರಿಸದಿದ್ದರೂ, ಆರಿಸಲ್ಪಟ್ಟಂತೆ ಮೇಲೆ ಬಂದು ನಿಲ್ಲುತ್ತದೆ. ಈ ಬದಲಾವಣೆ ಆಜ್ಞೆಯಿಂದ ಆದದ್ದಾದ್ದರಿಂದ ಸೂಚನೆಯಿಲ್ಲ; ಸೂಚನೆಯಿಲ್ಲದ್ದರಿಂದ ಹೋಬಳಿಯ ಪಟ್ಟಿಗೆ ಏನೂ ಗೊತ್ತಿಲ್ಲ. ಅಲ್ಲಿ ಕುಂದಗೋಳದ ಹೋಬಳಿಯೇ ಉಳಿದಿರುತ್ತದೆ. ಈ ಸ್ಥಿತಿಯಲ್ಲಿ ಅರ್ಜಿ ಹೊರಟರೆ ಭೂಮಿಯ ಮೇಲೆಲ್ಲಿಯೂ ಇಲ್ಲದ ಒಂದು ಊರು ದಾಖಲೆಯಲ್ಲಿ ಹುಟ್ಟುತ್ತದೆ. ಆದ್ದರಿಂದ ಬಲ್ಲವರು ಮೂರು ಕೆಲಸಗಳನ್ನು ಮಾಡುತ್ತಾರೆ. ಮೇಲಿನ ಪಟ್ಟಿ ಬದಲಾದೊಡನೆ ಅದರ ಕೆಳಗಿನ ಒಂದನ್ನಲ್ಲ, ಎಲ್ಲವನ್ನೂ ಬರಿದುಮಾಡುತ್ತಾರೆ; ಪ್ರತಿಯೊಂದು ಪಟ್ಟಿಯ ತಲೆಯಲ್ಲಿಯೂ 'ಆಯ್ದುಕೊಳ್ಳಿ' ಎಂಬ ಬೆಲೆಯಿಲ್ಲದ ಮಾತೊಂದನ್ನು ಇಡುತ್ತಾರೆ; ಕಡೆಗೆ, ತೆರೆಯ ಮೇಲೆ ಎಷ್ಟೇ ಎಚ್ಚರ ವಹಿಸಿದ್ದರೂ, ಈ ತಾಲ್ಲೂಕು ಈ ಜಿಲ್ಲೆಗೆ ಸೇರಿದುದೇ ಎಂಬುದನ್ನು ಸರ್ವರಿನಲ್ಲಿ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಮೂರನೆಯದೇ ಮುಖ್ಯವೆಂದು ನಮ್ಮ ಮತ.

ಇದೇ ಜಾತಿಯ ಇನ್ನೊಂದು ತೊಡಕು ಹಿಂದಿರುಗಿ ಬಂದವನದು. ಓದುಗನು ಬೇರೊಂದು ಪುಟಕ್ಕೆ ಹೋಗಿ ಹಿಂದೆ ಬಂದಾಗ ಕೆಲವು ಬ್ರೌಸರುಗಳು ಅವನ ಹಳೆಯ ಆಯ್ಕೆಗಳನ್ನು ಸೌಜನ್ಯದಿಂದ ಮತ್ತೆ ನಿಲ್ಲಿಸುತ್ತವೆ, ಆದರೆ ಸೂಚನೆಯನ್ನು ಕೊಡುವುದಿಲ್ಲ. ಮೇಲೆ ಜಿಲ್ಲೆಯ ಹೆಸರಿರುತ್ತದೆ; ಕೆಳಗೆ ತಾಲ್ಲೂಕಿನ ಪಟ್ಟಿ ಬರಿದಾಗಿರುತ್ತದೆ. ಅದೇ ಜಿಲ್ಲೆಯನ್ನು ಮತ್ತೊಮ್ಮೆ ಒತ್ತಿದರೂ ಫಲವಿಲ್ಲ, ಏಕೆಂದರೆ ಬೆಲೆ ಬದಲಾಗಿಲ್ಲ. ಬೇರೊಂದು ಜಿಲ್ಲೆಗೆ ಹೋಗಿ ಬಂದರೆ ಮಾತ್ರ ಕೆಲಸ ನಡೆಯುತ್ತದೆ. ಇದಕ್ಕೆ ಪರಿಹಾರವೆಂದರೆ ಪುಟ ತೆರೆದಾಗಲೇ ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಎಲ್ಲ ಪಟ್ಟಿಗಳನ್ನೂ ತಾಳೆನೋಡುವುದು.

ಪುಟದೊಳಗೇ ಎಲ್ಲವನ್ನೂ ತುಂಬಿಡುವ ಪದ್ಧತಿ ಗ್ರಾಮಗಳ ಮಟ್ಟಕ್ಕೆ ಇಳಿದಾಗ ನಡೆಯಲಾರದು. ಒಂದು ರಾಜ್ಯದ ಸಹಸ್ರಾರು ಗ್ರಾಮಗಳನ್ನು ಯಾವ ಪುಟ ಹೊತ್ತೀತು? ೨೦೦೨ರಲ್ಲಿ ಬಂದ ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್ ನೆಟ್ ಎಂಬ ಸಾಧನದಲ್ಲಿ 'ಆಟೊ ಪೋಸ್ಟ್‌ಬ್ಯಾಕ್' ಎಂಬ ಗುಣವಿದ್ದು, ಪಟ್ಟಿ ಬದಲಾದೊಡನೆ ಇಡೀ ಅರ್ಜಿಯೇ ಸರ್ವರಿಗೆ ಹೋಗಿ ಹೊಸ ಪುಟವಾಗಿ ಹಿಂದಿರುಗುತ್ತಿತ್ತು. ಇದು ೧೯೯೫ರ ಎರಡು ಕಿಟಕಿಗಳ ಪದ್ಧತಿಯೇ, ಗುಂಡಿ ಮಾತ್ರ ಮರೆಯಾದದ್ದು. ನಮ್ಮ ದೇಶದ ಅನೇಕ ಪುಟಗಳಲ್ಲಿ, ಪಟ್ಟಿಯನ್ನು ಮುಟ್ಟಿದಾಗ ತೆರೆಯು ಒಮ್ಮೆ ಬೆಳ್ಳಗಾಗಿ ಮತ್ತೆ ಮೂಡಿ, ಓದುಗನು ಪುಟದ ತಲೆಗೆ ಒಯ್ಯಲ್ಪಡುತ್ತಿದ್ದುದನ್ನು ಆ ಕಾಲದವರು ಮರೆತಿರಲಾರರು.

ಇಡೀ ಪುಟವನ್ನು ಕಳುಹಿಸದೆ ಬೇಕಾದಷ್ಟನ್ನೇ ತರಿಸುವ ಉಪಾಯ ಅದಕ್ಕೂ ಮೊದಲೇ ಇತ್ತು. ೧೯೯೯ರ ಮಾರ್ಚಿಯಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ ೫ರಲ್ಲಿ ಇದಕ್ಕೆಂದೇ ಒಂದು ಅಂಗವಿತ್ತು; ಮೊಜಿಲ್ಲಾದವರು ಅದನ್ನು ಎಕ್ಸ್‌ಎಂಎಲ್‌ಎಚ್‌ಟಿಟಿಪಿ‌ರಿಕ್ವೆಸ್ಟ್ ಎಂಬ ಹೆಸರಿನಲ್ಲಿ ಅಳವಡಿಸಿಕೊಂಡರು. ೨೦೦೫ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಇದಕ್ಕೆ 'ಏಜಾಕ್ಸ್' ಎಂದು ಹೆಸರಿಟ್ಟ ಮೇಲೆ ಅದು ಸರ್ವತ್ರ ಹಬ್ಬಿತು. ಅಂದಿನಿಂದ ಪಟ್ಟಿಯ ಬದಲಾವಣೆಯ ಸೂಚನೆಯು ದೂರದ ಸರ್ವರಿಗೆ ಒಂದು ಸಣ್ಣ ಪ್ರಶ್ನೆಯನ್ನು ಕಳುಹಿಸಿ, ಬಂದ ಉತ್ತರದಿಂದ ಮುಂದಿನ ಪಟ್ಟಿಯನ್ನು ತುಂಬತೊಡಗಿತು.

ಇದರಿಂದ ವೇಗ ಬಂದಿತು, ಜೊತೆಗೆ ಕಾಲದ ತೊಡಕೂ ಬಂದಿತು. ಓದುಗನು ಧಾರವಾಡವನ್ನು ಒತ್ತಿ, ತಪ್ಪಾಯಿತೆಂದು ಕೂಡಲೇ ಮೈಸೂರನ್ನು ಒತ್ತಿದನೆನ್ನೋಣ. ಎರಡು ಪ್ರಶ್ನೆಗಳು ಹೊರಟವು. ಮೊದಲು ಹೊರಟದ್ದು ಮೊದಲು ಹಿಂದಿರುಗುತ್ತದೆಂಬ ಭರವಸೆ ಯಾವುದೂ ಇಲ್ಲ. ಮೈಸೂರಿನ ಉತ್ತರ ಬಂದು ನಂಜನಗೂಡು, ಹುಣಸೂರುಗಳು ಪಟ್ಟಿಯಲ್ಲಿ ನಿಂತ ಮೇಲೆ ಧಾರವಾಡದ ಉತ್ತರ ತಡವಾಗಿ ಬಂದು ಅವನ್ನು ಅಳಿಸಿ ನವಲಗುಂದ, ಕಲಘಟಗಿಗಳನ್ನು ನಿಲ್ಲಿಸುತ್ತದೆ. ಮೇಲೆ ಮೈಸೂರು, ಕೆಳಗೆ ನವಲಗುಂದ. ಪುಟವನ್ನು ರಚಿಸಿದವನ ಯಂತ್ರದಲ್ಲಿ ಸರ್ವರ್ ಬಳಿಯಲ್ಲೇ ಇರುವುದರಿಂದ ಈ ದೋಷ ಅವನಿಗೆ ಕಾಣಿಸುವುದೇ ಇಲ್ಲ. ಹಳ್ಳಿಯ ದುರ್ಬಲ ಸಂಪರ್ಕದಲ್ಲಿ ಕುಳಿತವನಿಗೇ ಅದು ಕಾಣಿಸುವುದು. ಪ್ರಶ್ನೆಗಳಿಗೆ ಕ್ರಮಸಂಖ್ಯೆ ಕೊಟ್ಟು, ಕಡೆಯ ಸಂಖ್ಯೆಯದಲ್ಲದ ಉತ್ತರವನ್ನು ತಿರಸ್ಕರಿಸುವುದು ಇದಕ್ಕೆ ಹಳೆಯ ಪರಿಹಾರ. ಕಛೇರಿಗಳಲ್ಲಿ ಟಪ್ಪಾಲಿಗೆ ಆವಕ ಜಾವಕ ಸಂಖ್ಯೆ ಹಾಕುವಂತೆಯೇ ಇದು. ೨೦೧೭ರಿಂದೀಚೆಗೆ ಬ್ರೌಸರುಗಳಲ್ಲಿ ಬಂದ ಅಬಾರ್ಟ್‌ಕಂಟ್ರೋಲರ್ ಎಂಬ ಸಾಧನದಿಂದ, ಹಳೆಯ ಪ್ರಶ್ನೆಯನ್ನೇ ನಡುವೆ ರದ್ದುಪಡಿಸಲೂ ಸಾಧ್ಯವಾಗಿದೆ.

ಸೂಚನೆಯನ್ನು ಯಾರು ಕೇಳಬೇಕು ಎಂಬುದು ಬೇರೆಯೇ ಒಂದು ವಿವಾದ. ನಾಲ್ಕು ಪಟ್ಟಿಗಳಿದ್ದರೆ ನಾಲ್ಕಕ್ಕೂ ಒಬ್ಬೊಬ್ಬ ಕಾವಲುಗಾರನನ್ನು ನೇಮಿಸಬಹುದು. ಇಲ್ಲವೇ ನಾಲ್ಕನ್ನೂ ಒಳಗೊಂಡ ಅಂಗಳದ ಬಾಗಿಲಲ್ಲಿ ಒಬ್ಬನನ್ನೇ ನಿಲ್ಲಿಸಿ, ಯಾರು ಕೂಗಿದರೆಂಬುದನ್ನು ಅವನು ಗುರುತಿಸುವಂತೆ ಮಾಡಬಹುದು. ಪಟ್ಟಿಗಳ ಸಂಖ್ಯೆ ನಿಶ್ಚಿತವಲ್ಲದಾಗ, ಎಂದರೆ ಓದುಗನು ಹೊಸ ಸಾಲುಗಳನ್ನು ಸೇರಿಸುತ್ತ ಹೋಗುವ ನಮೂನೆಗಳಲ್ಲಿ, ಎರಡನೆಯದೇ ಮೇಲು. ಆದರೆ ಅದಕ್ಕೆ ಸೂಚನೆಯು ಪಟ್ಟಿಯಿಂದ ಹೊರಟು ನೀರಿನ ಗುಳ್ಳೆಯಂತೆ ಮೇಲಕ್ಕೆ ಏರಿ ಬರಬೇಕು. ೧೯೯೭ರಲ್ಲಿ ನೆಟ್‌ಸ್ಕೇಪಿನವರು ಸೂಚನೆಯು ಮೇಲಿನಿಂದ ಕೆಳಕ್ಕೆ ಇಳಿಯಬೇಕೆಂದೂ ಮೈಕ್ರೋಸಾಫ್ಟಿನವರು ಕೆಳಗಿನಿಂದ ಮೇಲಕ್ಕೆ ಏರಬೇಕೆಂದೂ ತಮ್ಮ ತಮ್ಮ ನಾಲ್ಕನೆಯ ಆವೃತ್ತಿಗಳಲ್ಲಿ ಭಿನ್ನಮಾರ್ಗಗಳನ್ನು ಹಿಡಿದರು. ೨೦೦೦ದ ನಿರೂಪಣೆಯು, ಪಂಚಾಯಿತಿಯಲ್ಲಿ ನಡೆಯುವಂತೆ, ಇಬ್ಬರ ಮಾತನ್ನೂ ಉಳಿಸಿ, ಮೊದಲು ಇಳಿದು ಆಮೇಲೆ ಏರಬೇಕೆಂದು ವಿಧಿಸಿತು. ಬದಲಾವಣೆಯ ಸೂಚನೆಯೂ ಏರತಕ್ಕದ್ದೆಂದು ಸ್ಪಷ್ಟವಾಗಿ ಹೇಳಿತು. ವಿಚಿತ್ರವೆಂದರೆ ಏರುವ ಮಾರ್ಗವನ್ನು ಜಗತ್ತಿಗೆ ತೋರಿಸಿಕೊಟ್ಟ ಮೈಕ್ರೋಸಾಫ್ಟಿನ ಬ್ರೌಸರಿನಲ್ಲಿಯೇ, ಅದರ ಎಂಟನೆಯ ಆವೃತ್ತಿಯವರೆಗೂ, ಬದಲಾವಣೆಯ ಸೂಚನೆ ಏರುತ್ತಿರಲಿಲ್ಲ. ೨೦೧೧ರ ಒಂಬತ್ತನೆಯ ಆವೃತ್ತಿಯಲ್ಲಿ ಅದು ಸರಿಯಾಯಿತು.

ಈ ನಡುವಣ ಕಾಲವನ್ನು ಸಾಗಿಸಿದ ಕೀರ್ತಿಯು ಜಾನ್ ರೆಸಿಗ್ ಅವರು ೨೦೦೬ರಲ್ಲಿ ಹೊರತಂದ ಜೆಕ್ವೆರಿ ಎಂಬ ಸಾಧನಕ್ಕೆ ಸಲ್ಲಬೇಕು. ೨೦೦೯ರ ಜನವರಿಯ ಅದರ ೧.೩ನೆಯ ಆವೃತ್ತಿಯಲ್ಲಿ, ಮುಂದೆ ಹುಟ್ಟಬಹುದಾದ ಅಂಗಗಳಿಗೂ ಈಗಲೇ ಕಾವಲಿಡುವ ಉಪಾಯವೊಂದು ಬಂದಿತಾದರೂ ಬದಲಾವಣೆಯ ಸೂಚನೆಗೆ ಅದು ಅನ್ವಯಿಸಲಿಲ್ಲ. ಮರುವರ್ಷದ ೧.೪ನೆಯ ಆವೃತ್ತಿಯಲ್ಲಿ, ಏರದ ಬ್ರೌಸರುಗಳಲ್ಲಿಯೂ ಏರಿದಂತೆ ತೋರುವ ವ್ಯವಸ್ಥೆ ಮಾಡಲಾಯಿತು. ೨೦೧೧ರ ನವೆಂಬರಿನ ೧.೭ನೆಯ ಆವೃತ್ತಿಯಲ್ಲಿ ಈ ಬಗೆಯ ಎಲ್ಲ ಉಪಾಯಗಳೂ 'ಆನ್' ಎಂಬ ಒಂದೇ ಹೆಸರಿನಲ್ಲಿ ಲೀನವಾದವು.

೨೦೧೩ರ ಮೇ ತಿಂಗಳಲ್ಲಿ ಫೇಸ್‌ಬುಕ್ ಸಂಸ್ಥೆಯು ಬಹಿರಂಗಪಡಿಸಿದ ರಿಯಾಕ್ಟ್ ಎಂಬ ಸಾಧನದಿಂದ ದೃಷ್ಟಿಯೇ ಬದಲಾಯಿತು. ಪಟ್ಟಿಯು ಪಟ್ಟಿಗೆ ಹೇಳುವ ಪದ್ಧತಿಯನ್ನು ಬಿಟ್ಟು, ಜಿಲ್ಲೆ ಯಾವುದು, ತಾಲ್ಲೂಕು ಯಾವುದು ಎಂಬುದನ್ನು ಒಂದೇ ಕಡೆ ಬರೆದಿಟ್ಟು, ಆ ಬರಹದಿಂದ ಎಲ್ಲ ಪಟ್ಟಿಗಳನ್ನೂ ಪ್ರತಿಸಲವೂ ಹೊಸದಾಗಿ ಬಿಡಿಸುವುದು ಇದರ ಕ್ರಮ. ರೀನ್ಸ್‌ಕಾಗ್ ಅವರು ೧೯೭೯ರಲ್ಲಿ ಹೇಳಿದ ವಿಷಯ ಮತ್ತು ನೋಟಗಳ ವಿಂಗಡಣೆಯ ಮೂಲ ಆಶಯಕ್ಕೆ ಇದು ದೂರವಲ್ಲ, ವಿವರಗಳಲ್ಲಿ ಎಷ್ಟೇ ಭಿನ್ನವಾಗಿರಲಿ. ಮೌನದ ತೊಡಕು ಇದರಿಂದ ಬಹುಮಟ್ಟಿಗೆ ನೀಗಿತು. ಕಾಲದ ತೊಡಕು ಮಾತ್ರ ನೀಗಲಿಲ್ಲ. ತಡವಾಗಿ ಬಂದ ಉತ್ತರವನ್ನು ಯಾವ ಪದ್ಧತಿಯೂ ತಾನಾಗಿ ಗುರುತಿಸಲಾರದು.

ಇಷ್ಟರವರೆಗೆ ಹೇಳಿದ್ದು ಸಾಧನದ ಚರಿತ್ರೆ. ಚರಿತ್ರೆಯ ಸಾಧನವಾಗಿ ಈ ಪುಟಗಳನ್ನು ನೋಡಿದಾಗ ವಿಪರ್ಯಾಸವೊಂದು ಎದುರಾಗುತ್ತದೆ. ೧೯೯೬ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯು ಹಳೆಯ ಜಾಲಪುಟಗಳ ಪ್ರತಿಗಳನ್ನು ಕಾಯ್ದಿಡುತ್ತ ಬಂದಿದ್ದು, ೨೦೦೧ರಿಂದ ಅವು ಸಾರ್ವಜನಿಕರಿಗೆ ಲಭ್ಯವಾಗಿವೆ. ಅದರ ಯಂತ್ರವು ಪುಟವನ್ನು ಇದ್ದಂತೆ ನಕಲು ಮಾಡಿಕೊಳ್ಳುತ್ತದೆಯೇ ಹೊರತು, ರೈತನಂತೆ ಕುಳಿತು ಒಂದೊಂದೇ ಜಿಲ್ಲೆಯನ್ನು ಆರಿಸಿ ನೋಡುವುದಿಲ್ಲ. ಆದಕಾರಣ ಎಲ್ಲ ಹೆಸರುಗಳನ್ನೂ ಒಡಲಲ್ಲೇ ಹೊತ್ತಿದ್ದ ೧೯೯೬ರ ಮಾದರಿಯ ಒರಟು ಪುಟವು ಸಂಪೂರ್ಣವಾಗಿ ಉಳಿಯುತ್ತದೆ. ಆಯ್ದ ಮೇಲೆ ಸರ್ವರಿನಿಂದ ತರಿಸಿಕೊಳ್ಳುವ ನಯವಾದ ಪುಟದಲ್ಲಿ ಸಾಮಾನ್ಯವಾಗಿ ಮೊದಲನೆಯ ಪಟ್ಟಿ ಮಾತ್ರ ಉಳಿದು, ಕೆಳಗಿನವು 'ಆಯ್ದುಕೊಳ್ಳಿ' ಎಂದು ಬರಿದಾಗಿ ನಿಂತಿರುತ್ತವೆ. ಉತ್ತರ ಕೊಡುತ್ತಿದ್ದ ಸರ್ವರ್ ಇಲ್ಲವಾದ ಮೇಲೆ ಅವುಗಳನ್ನು ತುಂಬುವವರಿಲ್ಲ.

ಇದರಿಂದ ಆಗುವ ನಷ್ಟ ಎಂಥದೆಂಬುದನ್ನು ಹರಪನಹಳ್ಳಿಯ ನಿದರ್ಶನದಿಂದ ತಿಳಿಯಬಹುದು. ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದ ಹರಪನಹಳ್ಳಿಯು ೧೯೫೩ರಲ್ಲಿ ಆ ಜಿಲ್ಲೆಯೊಡನೆ ಮದರಾಸು ಸಂಸ್ಥಾನದಿಂದ ಮೈಸೂರಿಗೆ ಬಂದಿತು. ೧೯೯೭ರಲ್ಲಿ ರಾಜ್ಯದಲ್ಲಿ ಏಳು ಹೊಸ ಜಿಲ್ಲೆಗಳಾದಾಗ ಅದು ದಾವಣಗೆರೆಗೆ ಸೇರಿತು. ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಹೋಯಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆ ರಚಿತವಾದಾಗ ಅದರೊಳಗೆ ಬಂದಿತು. ಎಂದರೆ, ಗಣಕಯಂತ್ರದ ಪಟ್ಟಿಗಳು ಆಡಳಿತದಲ್ಲಿ ಬಳಕೆಗೆ ಬಂದ ಮೇಲೆಯೇ ಈ ಒಂದು ತಾಲ್ಲೂಕು ಮೂರು ಜಿಲ್ಲೆಗಳ ಹೆಸರಿನ ಕೆಳಗೆ ಕಾಣಿಸಿಕೊಂಡಿದೆ. ಸರ್ಕಾರದ ಆಜ್ಞೆ ಹೊರಟ ದಿನವನ್ನು ರಾಜ್ಯಪತ್ರದಿಂದ ನಾವು ತಿಳಿಯಬಹುದು. ಆದರೆ ಆ ಆಜ್ಞೆ ಒಂದೊಂದು ಇಲಾಖೆಯ ಪಟ್ಟಿಗೆ ಯಾವಾಗ ಇಳಿಯಿತು, ನಡುವಣ ತಿಂಗಳುಗಳಲ್ಲಿ ಅರ್ಜಿ ಹಾಕಿದವರು ಯಾವ ಜಿಲ್ಲೆಯ ಕೆಳಗೆ ತಮ್ಮ ತಾಲ್ಲೂಕನ್ನು ಹುಡುಕಿದರು ಎಂಬುದನ್ನು ರಾಜ್ಯಪತ್ರ ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಆಯಾ ದಿನದ ಪುಟದ ಪ್ರತಿ ಮಾತ್ರ. ಅಂಥ ಪ್ರತಿಯನ್ನು ತೆರೆದಾಗ ಜಿಲ್ಲೆಗಳ ಪಟ್ಟಿಯಲ್ಲಿ ಬಳ್ಳಾರಿಯೂ ದಾವಣಗೆರೆಯೂ ಇರುತ್ತವೆ. ಅವುಗಳಲ್ಲಿ ಒಂದನ್ನು ಆಯ್ದರೆ ಸೂಚನೆ ಹುಟ್ಟಿ ಸರ್ವರಿಗೆ ಪ್ರಶ್ನೆಯೂ ಹೊರಡುತ್ತದೆ; ತಾಲ್ಲೂಕಿನ ಪಟ್ಟಿಗೆ ಉತ್ತರ ಬರುವುದಿಲ್ಲ.